ಏಲಂನ ಉಳಿಕೆ ಮತ್ತು ಜೀಗುಜ್ಜೆ ಪೋಡಿ

ಕೋರ್ಟಿಗೆ ಹೋಗಿ ಮನೆ ಕಳಕೊಂಡವರ ಕಥೆ ನಮ್ಮ ಪುತ್ತೂರಿನಲ್ಲಿ ಬೇಕಾದಷ್ಟು ಉಂಟು. ಬಸ್ಸಿನಲ್ಲಿ ಕೂತರೆ ಸಾಕು, ಪಕ್ಕದವರು ಟಿಕೇಟು ತೆಗೆಯುವ ಮೊದಲು ಒಂದು ಹೇಳಿ ಮುಗಿಸ್ತಾರೆ. ನನ್ನ ಪಾಡು ಬೇರೆ. ನಾನು ಮನೆ ಕಳಕೊಂಡವರ ಹಿಂದೆ "ನಿಮಗೆ ದುಡ್ಡು ಬರ್ಲಿಕ್ಕುಂಟು, ತೆಕ್ಕೊಳ್ಳಿ" ಅಂತ ಹೇಳಿಕೊಂಡು ಓಡಿದವ. ಅವರು ಮುಂದೆ ಓಡಿದವರು. ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. ನನಗೆ ಪ್ರತಿ ಸಲವೂ ಹೀಗೇ.

ಸಂಗತಿ ದೊಡ್ಡದಲ್ಲ. ಸಾಲಕ್ಕೆ ಮನೆ ಏಲಂ, ಅಂದರೆ ಹರಾಜು, ಆಗ್ತದೆ. ಸಾಲ, ಬಡ್ಡಿ, ಕೋರ್ಟಿನ ಖರ್ಚು ಎಲ್ಲ ಕಳೆದು ಏನಾದರೂ ಉಳಿದರೆ ಅದು ಮನೆ ಕಳಕೊಂಡವನದ್ದೇ. ಅವ ಅರ್ಜಿ ಹಾಕಿ ಕೇಳುವವರೆಗೆ ಅದು ಕೋರ್ಟಿನಲ್ಲಿ ಮಲಗಿರ್ತದೆ. ನಾನು ಗುಮಾಸ್ತನಾಗಿದ್ದ ವಕೀಲರಿಗೆ ಯಾರದ್ದಾದರೂ ದುಡ್ಡು ಹೀಗೆ ಮಲಗಿದ್ದು ಕಂಡರೆ ನಿದ್ದೆ ಬರುದಿಲ್ಲ. ನಿದ್ದೆ ಬಾರದ್ದು ಅವರಿಗೆ, ಕೊಡೆ ಹಿಡಿದು ಗುಡ್ಡೆ ಹತ್ತುದು ನಾನು.

ಭಾವನ ಕೆಮ್ಮು

ಬಸ್ ಸ್ಟ್ಯಾಂಡಿನ ಮೇಲಿನ ಗುಡ್ಡೆಯಲ್ಲಿ ಎರಡು ಹಂಚಿನ ಮನೆ, ಅಕ್ಕಪಕ್ಕ. ಒಂದು ಸೋಡಾದವರದ್ದು. ಅವರು ಪೇಟೆಯಲ್ಲಿ ಸೋಡಾ ಮಾಡಿ ಮಾರುವವರು. ಇನ್ನೊಂದು ಜವಳಿಯವರದ್ದು. ಅವರಿಗೆ ಬಟ್ಟೆ ಅಂಗಡಿ. ಎರಡು ಮನೆಯ ನಡುವೆ ಒಂದು ಜೀಗುಜ್ಜೆ ಮರ, ಘಟ್ಟದ ಮೇಲಿನವರು ದೀವಿಹಲಸು ಅನ್ನುದು. ಬುಡ ಸೋಡಾದವರ ಕಂಪೌಂಡಿನ ಒಳಗೆ, ಗೆಲ್ಲು, ಕೊಂಬೆ ಪೂರ ಜವಳಿಯವರ ಅಂಗಳದ ಮೇಲೆ.

ಸೋಡಾದವರು ಹೇಳುದು: "ಮರ ಎಲ್ಲಿ ಹುಟ್ಟಿತೋ ಕಾಯಿ ಅಲ್ಲಿಯದು."

ಜವಳಿಯವರು ಹೇಳುದು: "ಕಾಯಿ ಎಲ್ಲಿ ಬೀಳ್ತದೋ ಅಲ್ಲಿಯದು. ಕಸ ಗುಡಿಸುದು ಯಾರು?"

ಇದಕ್ಕೆ ಮುನ್ಸೀಫ್ ಕೋರ್ಟಿನಲ್ಲಿ ಕೇಸು. ಸೋಡಾದವರಿಗೆ ನಮ್ಮ ವಕೀಲರು, ಜವಳಿಯವರಿಗೆ ಎದುರು ರಸ್ತೆಯ ವಕೀಲರು. ತೀರ್ಪು ಆಗುವವರೆಗೆ ಯಾರೂ ಕಾಯಿ ಕೊಯ್ಯಬಾರದು ಅಂತ ಕೋರ್ಟು ಇಬ್ಬರಿಗೂ ತಡೆ ಕೊಟ್ಟಿತ್ತು. ಆದರೂ ಮರದಲ್ಲಿ ಕಾಯಿ ನಿಲ್ತಿರಲಿಲ್ಲ. ಏಲಂ, ಜಪ್ತಿ ಮಾಡಿಸುವ ಕೋರ್ಟಿನ ಅಮೀನರು ಹೋಗಿ ನೋಡಿ ಬಂದು, ಬಾವಲಿ ತಿಂದಿರಬೇಕು ಅಂತ ಬರೆದು ಕೊಟ್ಟರು. ಎರಡು ಕಡೆಯವರೂ ಹೌದು ಅಂದರು. ಇಡೀ ಕೇಸಿನಲ್ಲಿ ಇಬ್ಬರೂ ಒಪ್ಪಿದ್ದು ಆ ಬಾವಲಿಯನ್ನು ಮಾತ್ರ.

ಈ ಮಧ್ಯೆ ಸೋಡಾದವರು ಮನೆ ಅಡವು ಇಟ್ಟು ಒಂದು ಬಸ್ಸಿನಲ್ಲಿ ಪಾಲು ತೆಗೆದರು. ಆ ಬಸ್ಸು ಸುಳ್ಯಕ್ಕೆ ಹೋಗ್ತದೆ ಅಂತ ಬೋರ್ಡಿನಲ್ಲಿ ಬರೆದಿತ್ತು. ಬಸ್ಸಿಗೆ ಓದ್ಲಿಕ್ಕೆ ಬರ್ತಿರಲಿಲ್ಲ, ದಾರಿಯಲ್ಲೇ ನಿಲ್ತಿತ್ತು. ಕೊನೆಗೆ ಒಂದು ಮಳೆಗಾಲದಲ್ಲಿ ಅದು ಚರಂಡಿಗೆ ಇಳಿದು ಅಲ್ಲೇ ವಿಶ್ರಾಂತಿ ತೆಕ್ಕೊಂಡಿತು. ಮನೆ ಏಲಂಗೆ ಬಂತು.

ನಮ್ಮ ಕಡೆ ಒಬ್ಬರ ಒಲೆ ಆರಿದ ಮನೆಯನ್ನು ಏಲಂನಲ್ಲಿ ಹಿಡಿಯುದು ಒಳ್ಳೆಯದಲ್ಲ ಅಂತ ಜನ ಹಿಂದೆ ನಿಲ್ತಾರೆ. ಹಾಗೆ ನಿಂತರೆ ಸಾಲಕ್ಕೆ ಸರಿಯಾಗುವಷ್ಟೂ ಹುಟ್ಟುದಿಲ್ಲ. ಉಳಿಕೆ ಬರ್ಬೇಕಾದ್ರೆ ನೆರೆಕರೆಯಲ್ಲಿ ಒಳ್ಳೆಯ ದ್ವೇಷ ಬೇಕು. ದೇವರ ದಯದಿಂದ ಇಲ್ಲಿ ಅದು ಇತ್ತು.

ಜವಳಿಯವರು ಇಸ್ತ್ರಿ ಮಾಡಿದ ಅಂಗಿ ಹಾಕಿ ಕೋರ್ಟಿನ ಜಗಲಿಗೆ ಬಂದರು. ಬುಡ ಸಮೇತ ಮರ ಸಿಗುದಾದರೆ ಯಾರಿಗೆ ಬೇಡ? ಅವರು ಒಂದು ಬೆಲೆ ಹೇಳಿದರು. ಅಷ್ಟರಲ್ಲಿ ಹಿಂದಿನಿಂದ ಸೋಡಾದವರ ಹೆಂಡತಿಯ ಅಣ್ಣ, ಎಲ್ಲರೂ ಭಾವ ಅಂತ ಕರೆಯುವವರು, ಅದಕ್ಕಿಂತ ಹೆಚ್ಚು ಕೂಗಿದರು. ಜವಳಿಯವರ ಮುಖ ಕೆಂಪಾಯಿತು. ಅವರು ಏರಿಸಿದರು. ಭಾವನೂ ಏರಿಸಿದರು. ಹೀಗೆ ಮೇಲೆ ಮೇಲೆ ಹೋಗಿ, ಒಂದು ಹಂತದಲ್ಲಿ ಭಾವನಿಗೆ ಎಲೆಅಡಿಕೆ ಗಂಟಲಿಗೆ ಹೋಗಿ ಕೆಮ್ಮು ಬಂತು. ಅಮೀನರು ಬಾಯಿ ತೆರೆಯುವ ಮೊದಲೇ ಜವಳಿಯವರು ಇನ್ನೂರು ರೂಪಾಯಿ ಏರಿಸಿದರು. ಭಾವ ಇನ್ನೊಮ್ಮೆ ಕೆಮ್ಮಿದರು. ಇನ್ನೂ ಇನ್ನೂರು.

ಏಲಂ ಜವಳಿಯವರಿಗೆ ಆಗಿ ಮುಗಿದ ಮೇಲೆ ಅಮೀನರು ಭಾವನನ್ನು ಬದಿಗೆ ಕರೆದು ಕೇಳಿದರು, "ನಿಮಗೇ ಆಗಿದ್ದರೆ ಕಾಲು ಭಾಗ ಇಲ್ಲೇ ಕಟ್ಬೇಕಿತ್ತಲ್ಲ ಮಾರಾಯ್ರೆ. ಕಿಸೆಯಲ್ಲಿ ಎಷ್ಟುಂಟು?"

ಭಾವ ಕಿಸೆಗೆ ಕೈ ಹಾಕಿ ನೋಡಿ ಹೇಳಿದರು, "ಮನೆಗೆ ಹೋಗ್ಲಿಕ್ಕೆ ಸಾಲದು. ನಿಮ್ಮ ಹತ್ತಿರ ಬಸ್ಸಿಗೆ ಚಿಲ್ಲರೆ ಉಂಟಾ?"

ಹಂಡೆ

ಸೋಡಾದವರಿಗೆ ಉಳಿಕೆ ಉಂಟು ಅಂತ ಆಯಿತು. ಅವರದ್ದಕ್ಕೆ ಮೊದಲು ನಾನು ಕೊಲ್ಲಮೊಗ್ರಿಗೆ ಹೋಗ್ಲಿಕ್ಕಿತ್ತು. ಸುಳ್ಯ ಪೇಟೆಯ ಮನೆ ಏಲಂ ಆದ ಒಬ್ಬರು ಅಲ್ಲಿ ಹೆಂಡತಿಯ ತವರಿನಲ್ಲಿ ಇದ್ದರು. ಅವರಿಗೂ ಉಳಿಕೆ ಇತ್ತು. ಕಾಗದ ಹಾಕಿದರೆ ಉತ್ತರ ಇಲ್ಲ. ನಾನೇ ಹೊರಟೆ. ಕಪ್ಪು ಕೊಡೆ, ಕಾಕಿ ಚೀಲ, ಕಾಲಿಗೆ ಚಪ್ಪಲಿ. ಅಮೀನರದ್ದೂ ಅದೇ ವೇಷ ಅಂತ ನನಗೆ ದಾರಿಯಲ್ಲಿ ಹೊಳೆಯಲಿಲ್ಲ.

ಬಸ್ಸು ಇಳಿದು ಗದ್ದೆಯ ಬದುವಿನಲ್ಲಿ ಹೋಗುವಾಗ ಒಂದು ಮನೆಯಿಂದ ಯಾರೋ ಕೂ ಹಾಕಿದರು. ಆಚೆ ಮನೆಯಿಂದ ಇನ್ನೊಂದು ಕೂ. ನನ್ನ ಬರವಿಗೆ ಇಷ್ಟು ಸಂತೋಷವಾ ಅಂತ ನಾನು ನಡೆದೆ. ನೋಡಿದರೆ ಎದುರು ಗುಡ್ಡೆಯಲ್ಲಿ ಹೆಂಗಸರ ಮೆರವಣಿಗೆ. ಒಬ್ಬಳ ತಲೆಯಲ್ಲಿ ಕೊಪ್ಪರಿಗೆ, ಒಬ್ಬಳ ಸೊಂಟದಲ್ಲಿ ಕೊಡಪಾನ, ಇಬ್ಬರು ಸೇರಿ ಹೊತ್ತ ಒಂದು ತಾಮ್ರದ ಹಂಡೆ. ಎಲ್ಲ ಕಾಡಿನ ಕಡೆಗೆ. ಜಪ್ತಿಗೆ ಜನ ಬಂದರೆ ನೆರೆಕರೆಯವರೆಲ್ಲ ಸೇರಿ ಪಾತ್ರೆ ಸಾಗಿಸುದು ಅಲ್ಲಿಯ ಕ್ರಮ. ಮದುವೆಗೆ ಬಡಿಸ್ಲಿಕ್ಕೆ ಬಂದ ಹಾಗೆ, ಕರೆಯದೆ ಬರ್ತಾರೆ.

ಮನೆಗೆ ಮುಟ್ಟುವಾಗ ಬಾಗಿಲು ತೆರೆದಿತ್ತು. ಒಳಗೆ ಒಂದು ಬೆಕ್ಕು, ಒಂದು ಅಜ್ಜಿ.

"ಅಳಿಯಂದಿರು ಇಲ್ಲವಾ ಅಜ್ಜಿ?"

"ಯಾವ ಅಳಿಯ? ನನಗೆ ಮಗಳೇ ಇಲ್ಲ."

ನಾನು ಅಂಗಳಕ್ಕೆ ಇಳಿದು ಕಾಡಿನ ಕಡೆ ಮುಖ ಮಾಡಿ ಕೂಗಿದೆ, "ನಾನು ಅಮೀನ ಅಲ್ಲ! ದುಡ್ಡು ಕೊಡಿಸ್ಲಿಕ್ಕೆ ಬಂದದ್ದು!"

ಕಾಡಿನೊಳಗಿಂದ ಒಂದು ಸ್ವರ ಬಂತು, "ಕಳೆದ ಸಲ ಬಂದವನೂ ಹಾಗೇ ಹೇಳಿದ್ದು!"

ಕೊನೆಗೆ ನಾನು ಕೊಡೆಯನ್ನೂ ಚೀಲವನ್ನೂ ಅಂಗಳದ ನಡುವೆ ಇಟ್ಟು ದೂರ ಹೋಗಿ ಕೂತೆ. ಆಗ ಅಳಿಯ ಬಂದರು. ಸಂಗತಿ ಕೇಳಿದರು. ಕಣ್ಣಿನಲ್ಲಿ ನೀರು ಬಂತು. ಬೆಲ್ಲ, ನೀರು ತರ್ಲಿಕ್ಕೆ ಹೇಳಿದರು. ಬೆಲ್ಲ ಬಂತು. ನೀರು ತೆಂಗಿನ ಗೆರಟೆಯಲ್ಲಿ ಬಂತು, ಯಾಕಂದರೆ ಮನೆಯಲ್ಲಿ ಒಂದು ಲೋಟ ಸಹ ಬಾಕಿ ಇರಲಿಲ್ಲ.

ಅವರು ಪುತ್ತೂರಿಗೆ ಬಂದು ಉಳಿಕೆ ತೆಕ್ಕೊಂಡು ಹೋದರು. ಮತ್ತೊಂದು ದಿನ ಪೇಟೆಯಲ್ಲಿ ಸಿಕ್ಕಿದಾಗ ಕೇಳಿದೆ, "ದುಡ್ಡಿನಲ್ಲಿ ಎಂತ ಮಾಡಿದಿರಿ?"

"ಒಂದು ಹಂಡೆ ತೆಗೆದೆ" ಅಂದರು. "ಅವತ್ತು ಅಡಗಿಸಿದ್ದು ಎಲ್ಲಿ ಅಂತ ಈವರೆಗೆ ಯಾರಿಗೂ ಗೊತ್ತಾಗಲಿಲ್ಲ."

ಶಪಥ

ಈಗ ಸೋಡಾದವರು. ಮನೆ ಬಿಟ್ಟ ಮೇಲೆ ಗಂಡ ಹೆಂಡತಿ ಸೋಡಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಇದ್ದರು. ಅಲ್ಲಿ ಒಲೆಗೆ ಸೌದೆ ಹಾಕ್ಬೇಕಾದ್ರೆ ಬಾಟ್ಲಿಯ ಪೆಟ್ಟಿಗೆ ಆಚೆ ಇಡ್ಬೇಕು, ಮಲಗ್ಬೇಕಾದ್ರೆ ಈಚೆ ಇಡ್ಬೇಕು. ಗ್ಯಾಸಿನ ಯಂತ್ರ ಸುಂಯ್ ಅಂದರೆ ಅನ್ನ ಬೆಂದಿತಾ ಸೋಡಾ ತುಂಬಿತಾ ಗೊತ್ತಾಗುದಿಲ್ಲ.

ನಾನು ಅರ್ಜಿ ಬರೆದು ತೆಕ್ಕೊಂಡು ಹೋದೆ. "ಇಲ್ಲಿ ಒಂದು ರುಜು ಹಾಕಿ. ಒಂದು ಸಣ್ಣ ಮನೆಗೆ ಆಗುವಷ್ಟು ಹತ್ತಿರ ಹತ್ತಿರ ಉಂಟು."

ಸೋಡಾದವರು ಬಾಟ್ಲಿ ತೊಳೆಯುದನ್ನು ನಿಲ್ಲಿಸಲಿಲ್ಲ. "ಆ ದುಡ್ಡು ಯಾರದ್ದು?"

"ಕೋರ್ಟಿನಲ್ಲಿರುದು."

"ಕೋರ್ಟಿಗೆ ಕಟ್ಟಿದ್ದು ಯಾರು?"

"ಜವಳಿಯವರು."

"ಹಾಗಾದ್ರೆ ನನಗೆ ಬೇಡ. ಅವನ ಒಂದು ಪೈಸೆ ಮುಟ್ಟುದಿಲ್ಲ ಅಂತ ಮಹಾಲಿಂಗೇಶ್ವರನ ಎದುರು ಹೇಳಿ ಆಗಿದೆ."

ನಾನು ಕಾನೂನು ಹೇಳಿದೆ. ವಕೀಲರು ಖುದ್ದು ಬಂದು ಕಾನೂನು ಹೇಳಿದರು. ಸೋಡಾದವರು ವಕೀಲರಿಗೆ ಒಂದು ಶುಂಠಿ ಸೋಡಾ ಕೊಟ್ಟು, ಅದಕ್ಕೂ ದುಡ್ಡು ಬೇಡ ಅಂದರು. ಭಾವ ಬಂದು ಕೆಮ್ಮಿ ನೋಡಿದರು. ಅದೂ ನಡೆಯಲಿಲ್ಲ.

ಇಷ್ಟೆಲ್ಲ ಆಗುವಾಗ ಹೆಂಡತಿ ಪೆಟ್ಟಿಗೆ ಆಚೆ ಈಚೆ ಇಡ್ತಾ ಇದ್ದರು. ಒಂದು ದಿನ ನಾನು ಆಸೆ ಬಿಟ್ಟು ಎದ್ದು ಹೊರಡುವಾಗ ಅವರು ಪೆಟ್ಟಿಗೆಗಳ ಹಿಂದಿನಿಂದ ಸ್ವರ ತೆಗೆದರು.

"ಗುಮಾಸ್ತರೇ, ಇವರು ತೆಕ್ಕೊಳ್ಳದಿದ್ರೆ ಜವಳಿಯವರಿಗೆ ಬೇಜಾರಾಗ್ತದಾ?"

"ಅವರಿಗೆ ಯಾಕೆ ಬೇಜಾರು ಅಕ್ಕ? ಖುಷಿಯೇ ಆದೀತು."

"ತೆಕ್ಕೊಂಡು ಅದರಲ್ಲಿ ನಾವು ಮನೆ ಮಾಡಿದ್ರೆ?"

"ಹೊಟ್ಟೆ ಉರಿದೀತು."

ಬಾಟ್ಲಿ ತೊಳೆಯುವ ಶಬ್ದ ನಿಂತಿತು. ಸೋಡಾದವರು ಕೈ ಒರೆಸಿಕೊಂಡು ಹೇಳಿದರು, "ಪೆನ್ನು ತನ್ನಿ."

ದುಡ್ಡು ಬಂದ ದಿನ ಹೆಂಡತಿಯೇ ಅದನ್ನು ಗಂಟು ಕಟ್ಟಿ ಅಂಚೆ ಕಚೇರಿಯಲ್ಲಿ ತನ್ನ ಹೆಸರಿಗೆ ಹಾಕಿದರು. "ಇದು ಬಸ್ಸಿಗಲ್ಲ" ಅಂದರು ಗಂಡನಿಗೆ. ನನಗೆ ಹೇಳಿದರು, "ಗುಡ್ಡೆಯ ಮೇಲೆ, ಹಳೆ ಮನೆಯ ಹತ್ತಿರವೇ ಎಲ್ಲಾದರೂ ಇದ್ರೆ ನೋಡಿ. ದೂರ ಆದ್ರೆ ನನಗೆ ಆಗುದಿಲ್ಲ."

ಹಳೆ ಮನೆ ಕಣ್ಣೆದುರು ಇದ್ದರೆ ಸಂಕಟ ಅಲ್ಲವಾ ಅಂತ ನಾನು ಕೇಳಿದೆ. ಅವರು ಬೇರೆ ಕಡೆ ನೋಡಿದರು. ಹೆಂಗಸರ ಮನಸ್ಸು ಅಂತ ನಾನೂ ಬಿಟ್ಟೆ.

ಕಡಬದ ಬಸ್ಸು

ಮದ್ರಾಸು ಸರಕಾರ ಹೋಗಿ ಮೈಸೂರು ಸರಕಾರ ಬಂದ ಸಮಯ. ಕಡಬದಲ್ಲಿ ಒಬ್ಬರು ವಯಸ್ಸಾದವರು ಇದ್ದರು, ಅಳಿಯಕಟ್ಟಿನ ಕುಟುಂಬದ ಯಜಮಾನರು. ಅಂದರೆ ಆಸ್ತಿ ಮಕ್ಕಳಿಗಲ್ಲ, ಸಹೋದರಿಯರ ಸಂತಾನಕ್ಕೆ. ಅವರ ಕುಟುಂಬದ ಮನೆ ಮದ್ರಾಸಿನ ಕಾಲದಲ್ಲಿ ಏಲಂ ಆಗಿತ್ತು. ಉಳಿಕೆ ಉಂಟು ಅಂದರೆ ಅವರು ನಕ್ಕರು.

"ಅದು ಮದ್ರಾಸಿಗೆ ಹೋಗಿ ಆಯಿತು. ಬಿಡಾರ ಬಿಡುವವ ಪಾತ್ರೆ ಬಿಟ್ಟು ಹೋಗ್ತಾನಾ?"

"ಹೋಗಲಿಲ್ಲ ಯಜಮಾನರೇ. ಇಲ್ಲೇ ಉಂಟು. ಕುಟುಂಬದ ದುಡ್ಡು ಆದ ಕಾರಣ ಕುಟುಂಬದವರೆಲ್ಲ ಬಂದು ರುಜು ಹಾಕ್ಬೇಕು."

"ಕುಟುಂಬದವರಾ? ಮನೆ ಏಲಂ ಆಗುವ ದಿನ ನಾನು ಮತ್ತು ನಾಯಿ ಇದ್ದದ್ದು. ನಾಯಿ ಸತ್ತಿತು."

ಕೋರ್ಟಿನ ದಿನ ಪುತ್ತೂರಿಗೆ ಒಂದು ಬಸ್ಸು ಬಂತು. ಇಡೀ ಬಸ್ಸು ಅಳಿಯಂದಿರು, ಸೊಸೆಯಂದಿರು. ಘಟ್ಟದ ಮೇಲಿನ ಕಾಫಿ ತೋಟದಿಂದ ಬಂದವರು, ಮುಂಬೈಯ ಹೋಟೆಲಿನಿಂದ ರಜೆ ಹಾಕಿ ಬಂದವರು. ಸುದ್ದಿ ಹೇಗೆ ಹೋಯಿತೋ, ನಾನಂತೂ ಕಾಗದ ಹಾಕಲಿಲ್ಲ. ಒಬ್ಬೊಬ್ಬರೂ ಬಂದು ಯಜಮಾನರ ಕಾಲು ಹಿಡಿದರು. ಅವರು ಪ್ರತಿಯೊಬ್ಬರಿಗೂ "ನೀನು ಯಾರ ಮಗ?" ಅಂತ ಕೇಳಿ, ಉತ್ತರ ಸಿಕ್ಕಿದ ಮೇಲೆಯೇ ಆಶೀರ್ವಾದ ಮಾಡಿದರು.

ಕೋರ್ಟಿನ ಕೆಲಸಕ್ಕೆ ಬಂದವರಿಗೆ ಹೊಟ್ಟೆಗೆ ಹಾಕುದು ಕರೆಸಿದವನ ಧರ್ಮ, ಅದು ನಮ್ಮಲ್ಲಿ ಕಾನೂನಿಗಿಂತ ಹಳತು. ಯಜಮಾನರು ಎಲ್ಲರನ್ನೂ ಕೋರ್ಟಿನ ಎದುರಿನ ಹೋಟೆಲಿಗೆ ಕರಕೊಂಡು ಹೋದರು. ಆ ಹೋಟೆಲಿನ ಜೀಗುಜ್ಜೆ ಪೋಡಿ ಅಂದರೆ ಹೆಸರಾದದ್ದು. ತೆಳ್ಳಗೆ ಹೆಚ್ಚಿ, ಕಡಲೆ ಹಿಟ್ಟಿನಲ್ಲಿ ಅದ್ದಿ, ಬಿಸಿಬಿಸಿ ತೆಗೆದು ಕೊಡುದು. ಕುಟುಂಬದವರು ಕೂತರು. ಬೆಳಿಗ್ಗೆ ಒಮ್ಮೆ ತಿಂದರು. ಕೇಸು ಮಧ್ಯಾಹ್ನಕ್ಕೆ ಹೋಯಿತು, ಊಟ ಮಾಡಿದರು. ಸಂಜೆಗೆ ಹೋಯಿತು, ಪುನಃ ಪೋಡಿ, ಕಾಪಿ. ಮನೆಗೆ ಅಂತ ಸ್ವಲ್ಪ ಕಟ್ಟಿಸಿಕೊಂಡರು.

ಸಂಜೆ ಉಳಿಕೆ ಕೈಗೆ ಬಂತು. ಯಜಮಾನರು ಅದನ್ನು ಕೋರ್ಟಿನ ಮೆಟ್ಟಿಲಿನಿಂದ ಹೋಟೆಲಿನ ಮೇಜಿನವರೆಗೆ ಹೊತ್ತುಕೊಂಡು ಹೋದರು. ಅಲ್ಲಿ ಹೋಟೆಲಿನವರದ್ದೂ ಬಸ್ಸಿನವರದ್ದೂ ಕೊಟ್ಟು, ಬಾಕಿ ಆದದ್ದನ್ನು ನನ್ನ ಎದುರು ಹಿಡಿದರು. ಒಬ್ಬರಿಗೆ ಒಂದು ಬೀಡಿ ಕಟ್ಟು ಬರಬಹುದು.

"ನೀವು ಹೇಳಿದ್ದು ಹೌದು ಗುಮಾಸ್ತರೇ" ಅಂದರು ಯಜಮಾನರು, ಬೇಜಾರಿಲ್ಲದೆ. "ದುಡ್ಡು ಮದ್ರಾಸಿಗೆ ಹೋಗಲಿಲ್ಲ."

ಹೋಟೆಲಿನವರು ನನ್ನನ್ನು ಬದಿಗೆ ಕರೆದರು. "ಇನ್ನೊಂದು ಅಳಿಯಕಟ್ಟಿನ ಏಲಂ ಯಾವಾಗ? ಮೊದಲೇ ಹೇಳಿದ್ರೆ ಜೀಗುಜ್ಜೆ ಹೆಚ್ಚು ತರಿಸ್ಬಹುದು."

ಬಾವಲಿ

ಗೆದ್ದ ಮನೆಯಲ್ಲಿ ವಾಸ ಮಾಡದಿದ್ದರೆ ಗೆದ್ದು ಎಂತ ಪ್ರಯೋಜನ ಅಂತ ಜವಳಿಯವರು ತನ್ನ ಮನೆಗೆ ಬೀಗ ಹಾಕಿ ಸೋಡಾದವರ ಹಳೆ ಮನೆಗೆ ಹೋಗಿ ಒಕ್ಕಲಾಗಿದ್ದರು. ಎರಡೂ ಮನೆ ಅವರದ್ದೇ ಆದ ಮೇಲೆ ಮರದ ಕೇಸು ಮಲಗಿತು. ಅದರೊಟ್ಟಿಗೆ ಅವರೂ ಸೊರಗಿ ಹೋದರು. ಮೊದಲು ಬೆಳಿಗ್ಗೆ ಎದ್ದು ಬೇಲಿಯ ಆಚೆಗೆ ನಾಲ್ಕು ಬೈದು ಮುಖ ತೊಳೆಯುವ ಅಭ್ಯಾಸ. ಈಗ ಆಚೆ ಬದಿಯಲ್ಲಿ ಬೀಗ. ಬೀಗಕ್ಕೆ ಎಷ್ಟು ಅಂತ ಬೈಯುದು?

ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇತ್ತು. ಭಾವನ ಕೆಮ್ಮಿಗೆ ಏರಿಸಿದ ದುಡ್ಡು ಕಟ್ಟಲಿಕ್ಕೆ ಅವರು ತನ್ನ ಸ್ವಂತ ಮನೆಯನ್ನು ಅಡವು ಇಟ್ಟಿದ್ದರು. ಬಟ್ಟೆ ವ್ಯಾಪಾರ ಆ ವರ್ಷ ನಡೆಯಲಿಲ್ಲ, ಮರು ವರ್ಷವೂ ನಡೆಯಲಿಲ್ಲ. ಕೊನೆಗೆ ಬೀಗ ಹಾಕಿದ ಮನೆಯೂ ಏಲಂಗೆ ಬಂತು.

ಸೋಡಾದವರ ಹೆಂಡತಿ ನಮ್ಮ ಆಫೀಸಿಗೆ ಬಂದರು. "ಗುಮಾಸ್ತರೇ, ನಮಗೆ ಆ ಮನೆ ಬೇಕು. ಅಂಚೆಯಲ್ಲಿದ್ದದ್ದು ಉಂಟು. ಸ್ವಲ್ಪ ಕಡಿಮೆ ಆದ್ರೆ ನನ್ನದೂ ಉಂಟು."

ಅವರದ್ದು ಎಲ್ಲಿಂದ ಅಂತ ನಾನು ಕೇಳಲಿಲ್ಲ. ಬಾಟ್ಲಿಯ ಪೆಟ್ಟಿಗೆ ಆಚೆ ಈಚೆ ಇಟ್ಟು ಅವರ ಅಂಗೈ ಒರಟಾಗಿದ್ದದ್ದು ನನಗೆ ಕಾಣ್ತಿತ್ತು. ಈ ಸಲ ತಪ್ಪಿದರೆ ಗುಡ್ಡೆಯಲ್ಲಿ ಬೇರೆ ಮನೆ ಇಲ್ಲ.

ಏಲಂನ ದಿನ ಜಗಲಿಯಲ್ಲಿ ಹೆಚ್ಚು ಜನ ಇರಲಿಲ್ಲ. ಸೋಡಾದವರು ಒಂದು ಬೆಲೆ ಹೇಳಿದರು. ಮೇಲೆ ಹೋಗುವವರು ಯಾರೂ ಇಲ್ಲ. ಅಮೀನರು "ಒಂದು" ಅಂದರು. ಆ ಹೊತ್ತಿಗೆ ಮೆಟ್ಟಿಲಿನಲ್ಲಿ ಭಾವ ಕಾಣಿಸಿದರು. ಸೋಡಾದವರಿಗೆ ಸಹಾಯ ಮಾಡ್ಬೇಕು ಅಂತ ಬಂದವರು, ಪಾಪ. ಬಾಯಿ ತುಂಬ ಎಲೆಅಡಿಕೆ. ಅಮೀನರು "ಎರಡು" ಅಂದರು. ಭಾವನ ಎದೆ ಉಬ್ಬಿತು, ಕುತ್ತಿಗೆಯ ನರ ಎದ್ದಿತು.

ಸೋಡಾದವರಿಗೆ ಆ ಲಕ್ಷಣ ಕಂಡದ್ದೇ ಹಿಂದಿನ ಏಲಂನ ಕೆಮ್ಮು ನೆನಪಾಯಿತು. ತಾನೇ ತನ್ನ ಮೇಲೆ ಏರಿಸ್ಲಿಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಹೆಂಡತಿ ಒಂದು ಕೈಯಲ್ಲಿ ಅಣ್ಣನ ಬಾಯಿ, ಇನ್ನೊಂದು ಕೈಯಲ್ಲಿ ಗಂಡನ ಬಾಯಿ ಗಟ್ಟಿ ಹಿಡಿದರು. ಭಾವನ ಕಣ್ಣು ಹೊರಗೆ ಬಂತು. ಅಮೀನರು ನನ್ನ ಮುಖ ನೋಡಿದರು, ನಾನು ಆಕಾಶ ನೋಡಿದೆ.

"ಮೂರು" ಅಂದರು ಅಮೀನರು. ಆಮೇಲೆ ಭಾವ ಕೆಮ್ಮಿದ ಕೆಮ್ಮಿಗೆ ಒಳಗೆ ಮುನ್ಸೀಫರು ಸಾಕ್ಷಿ ನಿಲ್ಲಿಸಿದರಂತೆ.

ಹಾಗೆ ಜವಳಿಯವರ ಮನೆ ಸೋಡಾದವರದ್ದಾಯಿತು. ಸಾಲ ತೀರಿ ಅದರಲ್ಲೂ ಸ್ವಲ್ಪ ಉಳಿಯಿತು. ವಕೀಲರಿಗೆ ನಿದ್ದೆ ಬರಲಿಲ್ಲ. ನಾನು ಕೊಡೆ ಹಿಡಿದು ಜವಳಿಯವರ ಹತ್ತಿರ ಹೋದೆ.

"ಆ ದುಡ್ಡು ಕಟ್ಟಿದ್ದು ಯಾರು?" ಅಂತ ಅವರು ಕೇಳಿದರು.

"ಸೋಡಾದವರು."

"ನನಗೆ ಬೇಡ."

"ನೀವು ತೆಕ್ಕೊಂಡ್ರೆ ಅವರಿಗೆ ಹೊಟ್ಟೆ ಉರಿದೀತು" ಅಂದೆ.

"ಪೆನ್ನು ತನ್ನಿ."

ಹೊಸ ಮನೆಯಲ್ಲಿ ಒಕ್ಕಲಾದ ಮರುದಿನ ಬೆಳಿಗ್ಗೆಯೇ ಸೋಡಾದವರು ನಮ್ಮ ಆಫೀಸಿಗೆ ಬಂದರು. ಮುಖದಲ್ಲಿ ಕಳೆ. "ವಕೀಲರೇ, ಮರದ ಕೇಸು ಎಬ್ಬಿಸಿ. ಗೆಲ್ಲು ಪೂರ ನನ್ನ ಅಂಗಳದ ಮೇಲೆ ಉಂಟು. ಕಾಯಿ ಎಲ್ಲಿ ಬೀಳ್ತದೋ ಅಲ್ಲಿಯದು. ಕಸ ಗುಡಿಸುದು ಯಾರು?"

ವಕೀಲರು ಕನ್ನಡಕ ತೆಗೆದು ಒರೆಸಿ ಪುನಃ ಹಾಕಿಕೊಂಡರು. ಅದೇ ಹೊತ್ತಿಗೆ ಎದುರು ರಸ್ತೆಯ ವಕೀಲರ ಆಫೀಸಿನಿಂದ ಜವಳಿಯವರ ಸ್ವರ ನಮ್ಮಲ್ಲಿಗೂ ಕೇಳ್ತಿತ್ತು: "ಮರ ಎಲ್ಲಿ ಹುಟ್ಟಿತೋ ಕಾಯಿ ಅಲ್ಲಿಯದು!"

ಕಕ್ಷಿಗಾರ ಹೋದ ಮೇಲೆ ವಕೀಲರು ಕಪಾಟಿನಿಂದ ಮರದ ಕೇಸಿನ ಹಳೆ ಕಟ್ಟು ತೆಗೆದು ನನ್ನ ಕೈಗೆ ಕೊಟ್ಟರು. "ಹೊಸತಾಗಿ ಬರೆಯುದು ಯಾಕೆ? ಇದನ್ನು ಅವರಿಗೆ ಕೊಟ್ಟು ಅವರದ್ದು ತೆಕ್ಕೊಂಡು ಬಾ."

ನಾನು ರಸ್ತೆಗೆ ಇಳಿದರೆ ಎದುರಿನಿಂದ ಆ ವಕೀಲರ ಗುಮಾಸ್ತರು ಬರ್ತಿದ್ದರು, ಕಂಕುಳಲ್ಲಿ ಒಂದು ಕಟ್ಟು. ಇಬ್ಬರೂ ನಿಂತೆವು. ಕೇಳುವ ಅಗತ್ಯ ಬೀಳಲಿಲ್ಲ. ಹೋಟೆಲಿಗೆ ಹೋಗಿ ಕೂತೆವು, ಕಟ್ಟು ಬದಲಾಯಿಸಿಕೊಂಡೆವು, ಒಂದು ಪ್ಲೇಟು ಜೀಗುಜ್ಜೆ ಪೋಡಿ ಹೇಳಿದೆವು.

"ನಿಮ್ಮ ವಾದ ಭಾರೀ ಗಟ್ಟಿ ಇತ್ತು ಮಾರಾಯ್ರೆ" ಅಂದರು ಆ ಗುಮಾಸ್ತರು, ನನ್ನ ಕಟ್ಟು ತಟ್ಟಿ. "ನಮಗೆ ಸೋಲುವ ಹೆದರಿಕೆ ಇತ್ತು."

"ಇನ್ನು ಹೆದರುದು ನಾವು" ಅಂದೆ.

ಪೋಡಿ ಬಂತು. ಒಳ್ಳೆ ಬೆಳೆದ ಕಾಯಿ, ಬೆಣ್ಣೆಯ ಹಾಗೆ. ಹೋಟೆಲಿನವರನ್ನು ಕರೆದು ಕೇಳಿದೆ, "ಇಷ್ಟು ಒಳ್ಳೆ ಜೀಗುಜ್ಜೆ ನಿಮಗೆ ಎಲ್ಲಿಂದ ಬರುದು?"

"ಬಸ್ ಸ್ಟ್ಯಾಂಡಿನ ಮೇಲೆ ಗುಡ್ಡೆಯಲ್ಲಿ ಎರಡು ಮನೆ ಉಂಟಲ್ಲ, ಒಂದು ಸೋಡಾದವರದ್ದು, ಒಂದು ಜವಳಿಯವರದ್ದು" ಅಂದರು ಅವರು. "ಅಲ್ಲಿಯ ಅಕ್ಕಂದಿರು ಇಬ್ಬರೂ ಸೇರಿ ಕೊಯ್ಸಿ ಕಳಿಸುದು. ಎಷ್ಟೋ ವರ್ಷ ಆಯಿತು. ದುಡ್ಡು ಸಮ ಸಮ. ನಡುವೆ ಸೋಡಾದ ಅಕ್ಕ ಪೇಟೆಗೆ ಬಂದು ಕೂತಾಗ ಸ್ವಲ್ಪ ತೊಂದರೆ ಆಗಿತ್ತು, ಈಗ ಪುನಃ ಸರಿ ಆಯಿತು."

ನಾನು ಆ ಗುಮಾಸ್ತರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ನಡುವೆ ಮೇಜಿನ ಮೇಲೆ ಎರಡು ಕಟ್ಟು, ಎರಡರಲ್ಲೂ ಅಮೀನರು ಬರೆದ ಅದೇ ಕಾಗದ.

"ಬಾವಲಿ" ಅಂದೆ ನಾನು.

ಅವರು ಸ್ವಲ್ಪ ಹೊತ್ತು ಅಗಿದರು. ನುಂಗಿದರು. ಮತ್ತೆ ಹೋಟೆಲಿನವರಿಗೆ ಕೈ ತೋರಿಸಿ ಇನ್ನೊಂದು ಪ್ಲೇಟು ಹೇಳಿದರು.